ಸಮವಯಸ್ಕರಿಲ್ಲದ ಸಭೆ

ನಮ್ಮ ಚಿಕ್ಕಜ್ಜನವರಿಗೆ ಅರುವತ್ತು ತುಂಬಿದಾಗ, ಮಲೆನಾಡಿನ ಅಂಚಿನಲ್ಲಿದ್ದ ಅವರ ಹಳೆಯ ಮನೆಯ ಅಂಗಳದಲ್ಲಿ ಅಡಕೆ ದಬ್ಬೆಯ ಚಪ್ಪರವೆದ್ದು, ಹೋಮದ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ನಾವು ಹುಡುಗರು ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದೆವು. ಚಿಕ್ಕಜ್ಜನವರನ್ನೂ ಚಿಕ್ಕಜ್ಜಿಯನ್ನೂ ಮಣೆಗಳ ಮೇಲೆ ಕೂರಿಸಿ, ನೆತ್ತಿಯ ಮೇಲೆ ಜರಡಿ ಹಿಡಿದು, ಕಲಶದ ನೀರನ್ನು ಅದರ ಮೂಲಕ ಸುರಿದಾಗ, ಮದುವೆಯ ದಿನದಂತೆಯೇ ಚಿಕ್ಕಜ್ಜಿ ತಲೆ ತಗ್ಗಿಸಿದ್ದು ನನಗೆ ನೆನಪಿದೆ. ಊಟದ ಮೊದಲು ನಾಲ್ಕು ಮಾತು ಆಡುವ ಶಿಷ್ಟಾಚಾರವೂ ನಡೆಯಿತು. ಚಿಕ್ಕಜ್ಜನವರು ಲೆಕ್ಕದ ಮೇಷ್ಟ್ರು. ಆದಕಾರಣ ಮಾತಾಡಿದವರೆಲ್ಲರೂ ಅವರ ಗಣಿತಪ್ರತಿಭೆಯನ್ನು ಹೊಗಳಿದರು. ಬಾಲ್ಯದಿಂದಲೇ ಅವರು ಒಂದು ಲೆಕ್ಕವನ್ನೂ ತಪ್ಪಿದವರಲ್ಲವೆಂದು ಒಬ್ಬರು ಹೇಳಿದರು. ಆಗ ಕಂಬಕ್ಕೊರಗಿ ಎಲೆಗೆ ಸುಣ್ಣ ಸವರುತ್ತಿದ್ದ, ಅಡಕೆ ಮಂಡಿಯ ಯಜಮಾನರೊಬ್ಬರು, ಚಿಕ್ಕಜ್ಜನ ಒಂದೇ ಬೆಂಚಿನ ಗೆಳೆಯರು, ಎದ್ದುನಿಂತು, “ತಪ್ಪದೆ ಏನು ಮಾಡ್ತಾನೆ ಸ್ವಾಮಿ, ನನ್ನ ಸ್ಲೇಟು ನೋಡಿಕೊಂಡಲ್ಲವೇ ಬರೀತಾ ಇದ್ದದ್ದು!” ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ ಚಿಕ್ಕಜ್ಜನವರು ಎಲ್ಲರಿಗಿಂತ ಹೆಚ್ಚು ನಕ್ಕರು.

ನಮ್ಮ ಹಿರಿಯರು ವಾರ್ಧಕ್ಯದ ಮೈಲಿಗಲ್ಲುಗಳನ್ನು ಎಲ್ಲೆಂದರಲ್ಲಿ ನೆಟ್ಟವರಲ್ಲ. ಅರುವತ್ತರ ಶಾಂತಿಗೆ ಆಧಾರ ಸಂವತ್ಸರಚಕ್ರ. ಪ್ರಭವದಿಂದ ಕ್ಷಯದವರೆಗಿನ ಅರುವತ್ತು ಹೆಸರುಗಳು ಒಂದು ಸುತ್ತು ಮುಗಿದು, ತಾನು ಹುಟ್ಟಿದ ಸಂವತ್ಸರವೇ ಮನುಷ್ಯನನ್ನು ಮರಳಿ ಬಂದು ಮುಟ್ಟುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ರಾಶಿಚಕ್ರವನ್ನು ಸುತ್ತುವ ಗುರುವೂ, ಸುಮಾರು ಮೂವತ್ತು ವರ್ಷಕ್ಕೊಮ್ಮೆ ಸುತ್ತುವ ಶನಿಯೂ, ಆ ಹೊತ್ತಿಗೆ ಹೆಚ್ಚುಕಡಿಮೆ ಜನ್ಮಕಾಲದ ಸ್ಥಾನಗಳಿಗೆ ಹಿಂದಿರುಗಿರುತ್ತಾರೆ. ಎಪ್ಪತ್ತಕ್ಕೆ ಭೀಮರಥಶಾಂತಿ. ಅನಂತರದ್ದು ಸಹಸ್ರಚಂದ್ರದರ್ಶನ, ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು 29.53 ದಿನಗಳಾದ್ದರಿಂದ ಸಾವಿರ ಹುಣ್ಣಿಮೆಗಳಿಗೆ 80 ವರ್ಷ 10 ತಿಂಗಳು ಬೇಕು. ಚಾಂದ್ರಮಾನದ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡರಂತೆ 80 ವರ್ಷಕ್ಕೆ 960, ನಡುನಡುವೆ ಬರುವ ಅಧಿಕಮಾಸಗಳ ಮೂವತ್ತರಷ್ಟು ಸೇರಿ 990, ಮಿಕ್ಕ ಹತ್ತಕ್ಕೆ ಹತ್ತು ತಿಂಗಳ ಕಾಯುವಿಕೆ. ನೂರರ ಆಚೆಗೆ ಮಾತ್ರ ನಮ್ಮ ಆಶೀರ್ವಾದಗಳು ಹೋಗುವುದಿಲ್ಲ. ‘ನೂರು ಕಾಲ ಬಾಳು’ ಎಂದು ಹರಸಿ ಕೈ ತೊಳೆದುಕೊಳ್ಳುವವರಿಗೆ, ಹರಕೆ ನಿಜವಾಗಿಯೂ ಫಲಿಸಿಬಿಟ್ಟರೆ ಮುಂದೇನು ಹೇಳಬೇಕೆಂಬ ಯೋಚನೆ ಬಂದಂತಿಲ್ಲ.

ಪ್ರಖ್ಯಾತರ ವಿಷಯದಲ್ಲಿ ಈ ಹರಕೆ ಫಲಿಸಿದಾಗ ಏರ್ಪಡುವ ಸಭೆಗಳನ್ನು ಕುರಿತು ಓದಿದಾಗಲೆಲ್ಲ ನನಗೆ ಆ ಅಡಕೆ ಮಂಡಿಯ ಯಜಮಾನರು ನೆನಪಾಗುತ್ತಾರೆ. ಅರುವತ್ತರ ಸನ್ಮಾನದಲ್ಲಿ ಸನ್ಮಾನಿತನ ಸರೀಕರು ಮುಂದಿನ ಸಾಲಿನಲ್ಲಿರುತ್ತಾರೆ. ಹೊಗಳಿಕೆ ಹದ ತಪ್ಪಿದರೆ ಕೆಮ್ಮುವವರಿರುತ್ತಾರೆ. ಎಂಬತ್ತಕ್ಕೆ ಆ ಸಾಲು ತೆಳ್ಳಗಾಗುತ್ತದೆ. ನೂರಕ್ಕೆ ಬಂದರೋ, ಆ ಮನುಷ್ಯ ಸ್ಲೇಟು ಹಿಡಿದಿದ್ದನ್ನು ಕಂಡವರು, ಅವನೊಡನೆ ಜಗಳವಾಡಿದವರು, ಅವನನ್ನು ‘ನೀನು’ ಎಂದು ಕರೆಯಬಲ್ಲವರು ಯಾರೂ ಉಳಿದಿರುವುದಿಲ್ಲ. ಅಲ್ಲಿ ಆಡುವ ಮಾತೆಲ್ಲವೂ ಕೇಳಿದ್ದು, ಓದಿದ್ದು. ತಪ್ಪಿದರೆ ತಿದ್ದಬಲ್ಲ ವ್ಯಕ್ತಿ ಇಡೀ ಸಭೆಯಲ್ಲಿ ಒಬ್ಬನೇ. ಅವನಿಗೆ ಬಹುಶಃ ಕಿವಿ ಕೇಳಿಸದು.

ಮಹರ್ಷಿಯೆಂದು ಮಹಾರಾಷ್ಟ್ರವು ಕರೆದ ಧೋಂಡೋ ಕೇಶವ ಕರ್ವೆಯವರಿಗೆ 1958ರ ಏಪ್ರಿಲ್ 18ರಂದು ನೂರು ತುಂಬಿತು. ಆ ವರ್ಷವೇ ಭಾರತರತ್ನ ಬಂತು. ಆ ದಿನವೇ ಅವರ ಮುಖವನ್ನು ಮುದ್ರಿಸಿದ ಹದಿನೈದು ನಯೇ ಪೈಸೆಯ ಅಂಚೆಚೀಟಿ ಹೊರಬಂದು, ಜೀವಂತನಾಗಿರುವ ಭಾರತೀಯನೊಬ್ಬ ತನ್ನ ಪತ್ರಕ್ಕೆ ತನ್ನ ಮುಖವನ್ನೇ ಅಂಟಿಸಬಹುದಾದ ವಿಚಿತ್ರಪ್ರಸಂಗ ಸ್ವತಂತ್ರ ಭಾರತದಲ್ಲಿ ಮೊದಲ ಬಾರಿಗೆ ಒದಗಿತು. ಇದೇ ಮನುಷ್ಯ, ಮೊದಲ ಹೆಂಡತಿ ತೀರಿಕೊಂಡ ಮೇಲೆ, 1893ರಲ್ಲಿ ಬಾಲವಿಧವೆಯೊಬ್ಬಳನ್ನು ಮದುವೆಯಾದ ಕಾರಣಕ್ಕಾಗಿ, ಕೊಂಕಣದ ಸ್ವಂತ ಊರಾದ ಮುರುಡಿನಲ್ಲಿ ಬಹಿಷ್ಕಾರಕ್ಕೊಳಗಾಗಿದ್ದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತ, 1896ರಲ್ಲಿ ವಿಧವೆಯರ ಆಶ್ರಮವನ್ನು ಆರಂಭಿಸಿ, ಅದು ಊರಾಚೆಯ ಹಿಂಗಣೆಗೆ ಹೋದ ಮೇಲೆ, ಕಾಲೇಜಿಗೂ ಅಲ್ಲಿಗೂ ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಓಡಾಡಿದವರು. ಶತಾಬ್ದಿಯ ದಿನ ಅವರ ಕೊರಳಿಗೆ ಬಿದ್ದ ಹಾರಗಳನ್ನು ಹಾಕಿದವರಾರೂ ಆ ಬಹಿಷ್ಕಾರವನ್ನು ಕಂಡವರಾಗಿರಲಾರರು. ಬಹಿಷ್ಕರಿಸಿದ ಕೈಗಳೇ ಹಾರ ಹಾಕಿದ್ದರೆ ಅದೊಂದು ಮಾತು. ಆ ಕೈಗಳೆಲ್ಲ ಎಂದೋ ಬೂದಿಯಾಗಿದ್ದವು. ಗೆದ್ದವನಿಗೆ ಸೋತವರ ಮುಖ ನೋಡುವ ಭಾಗ್ಯವಿಲ್ಲದ, ಸೋತವರಿಗೆ ಕ್ಷಮೆ ಕೇಳುವ ಅವಕಾಶವಿಲ್ಲದ ಗೆಲುವು ಅದು. ಇನ್ನೊಂದು ಸಂಗತಿಯೂ ಉಂಟು. ಸಂತಾನನಿಯಂತ್ರಣದ ವಿಚಾರವನ್ನು ಈ ದೇಶದಲ್ಲಿ ಮೊದಮೊದಲು ನಿರ್ಭಯವಾಗಿ ಪ್ರತಿಪಾದಿಸಿದ ರಘುನಾಥ ಕರ್ವೆ ಈ ಮಹರ್ಷಿಯ ಹಿರಿಯ ಮಗ. 1882ರಲ್ಲಿ ಹುಟ್ಟಿ, ಎಪ್ಪತ್ತು ದಾಟಿದ ವೃದ್ಧನಾಗಿ 1953ರಲ್ಲಿ ತೀರಿಕೊಂಡರು. ಮಗನ ಮುಪ್ಪನ್ನೂ ಮರಣವನ್ನೂ ಕಂಡ ಮೇಲೆ ತಂದೆಗೆ ನೂರರ ಹಬ್ಬ ಬಂತು.

ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಶತಾಬ್ದಿಯಾದರೋ 1960ರ ಸೆಪ್ಟೆಂಬರ್ 15ರಂದು ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಪ್ರಧಾನಮಂತ್ರಿ ಜವಾಹರಲಾಲ್ ನೆಹರು ಅವರ ಸಮಕ್ಷಮದಲ್ಲಿ ನಡೆಯಿತು. ಅಂಚೆಚೀಟಿ ಇಲ್ಲಿಯೂ ಅದೇ ದಿನ ಹೊರಬಂತು. ಬೆಲೆಯೂ ಅದೇ ಹದಿನೈದು ನಯೇ ಪೈಸೆ. ಇಬ್ಬರಲ್ಲಿ ಮೊದಲು, 1955ರಲ್ಲೇ, ಭಾರತರತ್ನರಾದವರು ಇವರು. ಈ ಎರಡು ಜೀವಿತಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವವರು ಕಡಮೆ. ನೋಡಿದರೆ ಆಶ್ಚರ್ಯವಾಗುವಷ್ಟು ಸಾಮ್ಯವಿದೆ. ಇವರು ಎಂಜಿನಿಯರಿಂಗ್ ಕಲಿತದ್ದು ಕರ್ವೆಯವರ ಕರ್ಮಭೂಮಿಯಾದ ಪುಣೆಯಲ್ಲಿ; ಮುಂಬಯಿ ಸರ್ಕಾರದ ಸೇವೆಗೆ ಸೇರಿದ್ದು 1884ರಲ್ಲಿ; ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಜೋಡಿಸಿದ್ದು ಪುಣೆಯ ನೆರೆಯಲ್ಲಿಯೇ. ಕರ್ವೆಯವರ ಮಹಿಳಾ ವಿಶ್ವವಿದ್ಯಾಲಯವೂ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಉದಯಿಸಿದ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿದ್ದು ಒಂದೇ ವರ್ಷ, 1916ರಲ್ಲಿ. ಇಬ್ಬರೂ ನೂರು ಮುಟ್ಟಿ, ಇಬ್ಬರೂ 1962ರಲ್ಲಿ, ಒಬ್ಬರು ಏಪ್ರಿಲಿನಲ್ಲಿ, ಒಬ್ಬರು ನವೆಂಬರಿನಲ್ಲಿ ನಿರ್ಗಮಿಸಿದರು.

ವಿಶ್ವೇಶ್ವರಯ್ಯನವರ ಶತಾಬ್ದಿಯ ಸಂಬಂಧದಲ್ಲಿ ಒಂದು ತಮಾಷೆಯ ತೊಡಕಿದೆ. ಮುದ್ದೇನಹಳ್ಳಿಯ ಆ ಮಗು ಹುಟ್ಟಿದ ವರ್ಷ 1860 ಎಂದು ಕೆಲವು ಗ್ರಂಥಗಳೂ, 1861 ಎಂದು ಕೆಲವು ಗ್ರಂಥಗಳೂ ಹೇಳುತ್ತವೆ. ಎರಡನೆಯದು ನಿಜವಾಗಿದ್ದ ಪಕ್ಷದಲ್ಲಿ, ದೇಶದ ಪ್ರಧಾನಿ ಬಂದು, ಅಂಚೆ ಇಲಾಖೆ ಚೀಟಿ ಹೊರಡಿಸಿ, ಗಾಜಿನ ಮನೆಯ ತೋಟದಲ್ಲಿ ಜನ ನೆರೆದು ನಡೆಸಿದ ನೂರರ ಉತ್ಸವ ತೊಂಬತ್ತೊಂಬತ್ತರ ಉತ್ಸವವಾಗುತ್ತದೆ! ಒಂದೊಂದು ಕ್ಯೂಸೆಕ್ ನೀರಿಗೂ ಲೆಕ್ಕ ಕೇಳುತ್ತಿದ್ದ ಮನುಷ್ಯನ ಆಯುಷ್ಯದಲ್ಲಿಯೇ ಒಂದು ವರ್ಷದ ಲೆಕ್ಕ ಸಂದಿಗ್ಧವಾಗಿ ಉಳಿದದ್ದು ವಿಧಿಯ ವಿನೋದವಲ್ಲದೆ ಮತ್ತೇನು? ಬಾಣಂತಿಯ ಕೋಣೆಯ ಹೊರಗೆ ಕಾದಿದ್ದವರು, ಜಾತಕ ಬರೆದವರು, ಎಳೆಯ ವಯಸ್ಸಿನಲ್ಲೇ ಅವರು ಕಳೆದುಕೊಂಡ ತಂದೆ ಶ್ರೀನಿವಾಸಶಾಸ್ತ್ರಿಗಳು, ಸಾಕ್ಷಿ ನುಡಿಯಬಲ್ಲವರಲ್ಲಿ ಒಬ್ಬರೂ ಆ ದಿನ ಬದುಕಿರಲಿಲ್ಲ.

ಸಾಕ್ಷಿಗಳಿಲ್ಲದ ಎಡೆಯಲ್ಲಿ ಕಥೆಗಳು ಹುಲುಸಾಗಿ ಬೆಳೆಯುತ್ತವೆ. ಎರಡು ಮೋಂಬತ್ತಿಯ ಕಥೆಯನ್ನು ಕೇಳದ ಕನ್ನಡಿಗನುಂಟೆ? ಸರ್ಕಾರಿ ಕಾಗದ ನೋಡುವಾಗ ಸರ್ಕಾರದ ಬತ್ತಿ, ಸ್ವಂತ ಕಾಗದ ಬರೆಯುವಾಗ ಸ್ವಂತದ ಬತ್ತಿ. ಶಾಲೆಯ ಭಾಷಣಸ್ಪರ್ಧೆಯಲ್ಲಿ ನಾನೂ ಅದನ್ನು ಹೇಳಿ ಒಂದು ಸ್ಟೀಲ್ ಲೋಟ ಗೆದ್ದಿದ್ದೇನೆ. ಆದರೆ ಆ ಪ್ರಸಂಗ ನಡೆದ ಊರು ಹೇಳುವವರ ಬಾಯಿಯಲ್ಲಿ ಬದಲಾಗುತ್ತಲೇ ಇರುತ್ತದೆ. ಕಂಡವರಾರೆಂದು ಕೇಳಿದರೆ ಉತ್ತರವಿಲ್ಲ. ಆ ಪ್ರಾಮಾಣಿಕತೆ ಸುಳ್ಳೆಂದು ನನ್ನ ವಾದವಲ್ಲ. ಅದನ್ನು ಸಾರಲು ಮೋಂಬತ್ತಿಯೊಂದೇ ಸಾಕೆಂದುಕೊಳ್ಳುವುದು ನಮ್ಮ ಸೋಮಾರಿತನ. 1918ರಲ್ಲಿ ಅವರು ದಿವಾನಗಿರಿಯನ್ನು ಬಿಡುವುದಕ್ಕೆ ಹಿನ್ನೆಲೆಯಾಗಿದ್ದದ್ದು, ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳನ್ನು ಕಾದಿರಿಸುವ ಪ್ರಶ್ನೆ. ಮಿಲ್ಲರ್ ಸಮಿತಿ ರಚಿತವಾದದ್ದು ಆ ಪ್ರಶ್ನೆಯನ್ನು ಪರಿಶೀಲಿಸುವುದಕ್ಕೆ. ಅವರು ಆ ನೀತಿಯನ್ನು ಒಪ್ಪಲಿಲ್ಲ. ಅವರ ಅಭಿಪ್ರಾಯ ಸರಿಯಲ್ಲವೆಂದು ತಿಳಿದ ಸಮರ್ಥರು ಅಂದಿನ ಮೈಸೂರಿನಲ್ಲಿ ಇದ್ದರು. ಇತಿಹಾಸ ಆ ಸಮರ್ಥರ ಕಡೆಗೇ ಸರಿಯಿತೆಂದು ನನ್ನ ತಿಳಿವಳಿಕೆ. ಅಂಥವನೊಬ್ಬ ಮುದುಕ ಶತಾಬ್ದಿಯ ಸಭೆಯಲ್ಲಿ ಎದ್ದುನಿಂತು, “ಸ್ವಾಮೀ, ಅಣೆಕಟ್ಟಿನ ಮಾತು ಒಪ್ಪಿದೆ; ಆದರೆ ಆ ಒಂದು ವಿಷಯದಲ್ಲಿ ತಾವು ಎಡವಿದಿರಿ” ಎಂದಿದ್ದರೆ, ಆ ಸಭೆಗೆ ಎಷ್ಟು ಕಳೆ ಬರುತ್ತಿತ್ತು! ವಿಶ್ವೇಶ್ವರಯ್ಯನವರಿಗೂ ಅದು ಹಾರತುರಾಯಿಗಿಂತ ಪ್ರಿಯವಾಗುತ್ತಿತ್ತೆಂದೇ ನನ್ನ ಊಹೆ. ಏಕೆಂದರೆ ವಾದಿಸುವುದಕ್ಕೆ ಅವರ ಬಳಿ ಅಂಕಿ ಅಂಶಗಳು ಸಿದ್ಧವಾಗಿರುತ್ತಿದ್ದವು.

ಆ ಮನುಷ್ಯನಿಗೆ ಹುಟ್ಟುಹಬ್ಬದ ವ್ಯವಧಾನವೇ ಇದ್ದಂತೆ ತೋರುವುದಿಲ್ಲ. ಸರ್ಕಾರಿ ಸೇವೆಯಿಂದ ಒಮ್ಮೆ ನಿವೃತ್ತರಾದ ಮೇಲೆ ಹೈದರಾಬಾದಿಗೆ ಹೋಗಿ, 1908ರ ಮೂಸಿ ನದಿಯ ಮಹಾಪ್ರವಾಹ ಮತ್ತೆ ಬಾರದಂತೆ ಯೋಜನೆ ಹಾಕಿದರು. ಅಲ್ಲಿಂದ ಮೈಸೂರಿಗೆ ಬಂದು ಕನ್ನಂಬಾಡಿ ಅಣೆಕಟ್ಟನ್ನು ಕೈಗೆತ್ತಿಕೊಂಡರು. ಎಪ್ಪತ್ತು ದಾಟಿದ ಮೇಲೆ, 1934ರಲ್ಲಿ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ಬರೆದರು. ತೊಂಬತ್ತು ದಾಟಿದ ಮೇಲೆ, ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಎದ್ದಾಗ, ತಾವೇ ಹೋಗಿ ನದಿಯನ್ನು ಕಂಡು ಸಲಹೆ ಕೊಟ್ಟರು. ಮೊಕಾಮೆಯ ಬಳಿ ಆ ಸೇತುವೆ ಸಂಚಾರಕ್ಕೆ ತೆರೆದದ್ದು 1959ರಲ್ಲಿ, ಅವರ ಶತಾಬ್ದಿಗೆ ಒಂದು ವರ್ಷ ಮೊದಲು. ‘ಅರುವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕಟ್ಟಿದವನು ಈ ದಂಡೆಯಲ್ಲಿ ನಿಂತು ನೋಡಬೇಕಿತ್ತು. 1951ರಲ್ಲಿ ಅವರು ಪ್ರಕಟಿಸಿದ ಸ್ಮರಣಗ್ರಂಥದ ಹೆಸರಿನಲ್ಲಿಯೇ ಅದು ತಮ್ಮ ಕಾರ್ಯಜೀವನದ ಸ್ಮರಣೆಯೆಂದು ಗೆರೆ ಎಳೆದುಬಿಟ್ಟಿದ್ದಾರೆ. ಮನೆಯ ಮಾತು, ಮನಸ್ಸಿನ ಮಾತುಗಳಿಗಾಗಿ ಅದರ ಪುಟ ಮಗುಚುವವರು ಬರಿಗೈಯಲ್ಲಿ ಹಿಂದಿರುಗಬೇಕು. ತಮ್ಮನ್ನು ಕಂಡ ಸಾಕ್ಷಿಗಳೆಲ್ಲ ಹೋಗುತ್ತಿದ್ದಾಗ ತಾವಾದರೂ ಸಾಕ್ಷಿ ನುಡಿಯಬಹುದಾಗಿತ್ತು, ನುಡಿಯಲಿಲ್ಲ.

ಸಾಹಿತಿಗಳ ಸಂಗತಿ ಇದಕ್ಕಿಂತ ಬೇರೆ. ಬರೆದವನು ತನಗೆ ತಾನೇ ಸಾಕ್ಷಿ. ಈಗಿನ ಮಂಡ್ಯ ಜಿಲ್ಲೆಯ ಮಣ್ಣಿನಿಂದ ಬಂದ ಇಬ್ಬರು ನೂರನ್ನು ದಾಟಿದರು. ಒಬ್ಬರು ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು. 1900ರಲ್ಲಿ ಹುಟ್ಟಿದ್ದರಿಂದ ಅವರ ವಯಸ್ಸನ್ನು ಹೇಳಲು ಕ್ಯಾಲೆಂಡರ್ ನೋಡಿದರೆ ಸಾಕಾಗಿತ್ತು. 2000ದಲ್ಲಿ ನೂರಾಗಿ, 2003ರಲ್ಲಿ ತೀರಿಕೊಂಡರು. ತೊಂಬತ್ತರ ಸುಮಾರಿನಲ್ಲಿ ಮುದುಕರು ದೇವರ ಕಡೆಗೆ ತಿರುಗುವುದು ಲೋಕರೂಢಿ. ಇವರು ಆ ವಯಸ್ಸಿನಲ್ಲಿ ‘ದೇವರು’ ಎಂಬ ಹೆಸರಿನ ಪುಸ್ತಕವನ್ನೇ ಬರೆದು, ತಾವೇಕೆ ಅವನನ್ನು ನಂಬುವುದಿಲ್ಲವೆಂಬುದನ್ನು ಕಹಿಯಿಲ್ಲದೆ, ಅವಸರವಿಲ್ಲದೆ ವಿವರಿಸಿದರು. ಅಂಥವರಿಗೆ ‘ಭಗವಂತ ಇನ್ನೂ ಆಯುಷ್ಯ ಕೊಡಲಿ’ ಎಂದು ಹರಸಲು ವೇದಿಕೆಯೇರಿದವರ ಪಾಡನ್ನು ನೆನೆದರೆ ನಗು ಬರುತ್ತದೆ. ತಮ್ಮ ಆತ್ಮಕಥೆಯನ್ನು ಅವರು ‘ಸಂಜೆಗಣ್ಣಿನ ಹಿನ್ನೋಟ’ ಎಂದು ಕರೆದರು. ಸಂಜೆಗಣ್ಣಿಗೆ ದೂರದ್ದು ಕಾಣುವಷ್ಟು ಹತ್ತಿರದ್ದು ಕಾಣದೆಂಬ ವಿನಯ ಆ ಹೆಸರಿನಲ್ಲಿದೆ.

ಇನ್ನೊಬ್ಬರು ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1913ರ ಆಗಸ್ಟ್ 23ರಂದು ಜನಿಸಿ, 2021ರ ಏಪ್ರಿಲ್ 19ರವರೆಗೆ, ನೂರ ಏಳು ವರ್ಷ ಬಾಳಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಎಂಟು ಸಂಪುಟಗಳ ಹಿಂದೆ ಇದ್ದ ದಶಕಗಳ ದುಡಿಮೆಯಲ್ಲಿ ಪ್ರಧಾನ ಸಂಪಾದಕರ ಹೊರೆ ಅವರ ಹೆಗಲಿಗೆ ಬಿದ್ದಿತ್ತು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಹೇಳಿದರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿಗೆ ತೊಂಬತ್ತೇಳು. ನಿಘಂಟುಕಾರನ ಧರ್ಮ ವಿಲಕ್ಷಣವಾದದ್ದು. ಪದಕ್ಕೆ ಅರ್ಥ ಹೇಳಿದರೆ ಸಾಲದು. ಯಾರು, ಯಾವ ಕಾಲದಲ್ಲಿ, ಎಲ್ಲಿ ಹಾಗೆ ಬಳಸಿದರೆಂದು ಪ್ರಯೋಗವನ್ನು ತೋರಿಸಬೇಕು. ಶಾಸನದಲ್ಲಿಯೋ, ಹಳಗನ್ನಡ ಕಾವ್ಯದಲ್ಲಿಯೋ, ದಾಸರ ಹಾಡಿನಲ್ಲಿಯೋ ಸಾಕ್ಷಿ ಸಿಕ್ಕದ ಅರ್ಥಕ್ಕೆ ಸಂಪುಟದಲ್ಲಿ ಸ್ಥಳವಿಲ್ಲ. ಹೊಗಳಿಕೆಗೂ ಇಂಥದೊಂದು ನಿಯಮವಿದ್ದಿದ್ದರೆ ನಮ್ಮ ಅಭಿನಂದನ ಗ್ರಂಥಗಳು ಎಷ್ಟು ತೆಳ್ಳಗಾಗುತ್ತಿದ್ದವು! ಬಿ. ಎಂ. ಶ್ರೀಕಂಠಯ್ಯನವರಿಗೆ ಅರ್ಪಿತವಾದ ‘ಸಂಭಾವನೆ’, ಡಿ. ಎಲ್. ನರಸಿಂಹಾಚಾರ್ಯರಿಗೆ ಅರ್ಪಿತವಾದ ‘ಉಪಾಯನ’ದಂಥವು ಇಂದಿಗೂ ಕೈಗೆತ್ತಿಕೊಳ್ಳಲು ಯೋಗ್ಯವಾಗಿರುವುದು, ಅವುಗಳಲ್ಲಿ ಸನ್ಮಾನಿತರ ಸ್ತುತಿಗಿಂತ ವಿದ್ಯೆ ಹೆಚ್ಚಾಗಿರುವುದರಿಂದ. ಈಚಿನವುಗಳ ತೂಕ ರಟ್ಟಿನದು.

ನೂರನ್ನು ಮುಟ್ಟದಿದ್ದರೂ, ಕಥೆಗಾರ ಮಾಸ್ತಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1891ರ ಜೂನ್ 6ರಂದು ಹುಟ್ಟಿದ ಅವರು 1986ರ ಜೂನ್ 6ರಂದೇ, ತೊಂಬತ್ತೈದು ಸರಿಯಾಗಿ ತುಂಬಿದ ದಿನ, ಹೊರಟುಹೋದರು. ಶುಭಾಶಯ ಹೇಳಲು ಹೋದವರು ಅಂತಿಮ ನಮಸ್ಕಾರ ಮಾಡಿ ಬಂದರು. ಒಂದು ಸಣ್ಣ ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ತಿಳಿದಿತ್ತು.

ನೂರರ ಸಭೆಯಲ್ಲಿ ಸಾಕ್ಷಿಗಳಿರುವುದಿಲ್ಲವೆಂದು ನಾನು ಮೇಲೆ ಹೇಳಿದ ಮಾತು ತುಮಕೂರಿನ ಸಿದ್ಧಗಂಗೆಯಲ್ಲಿ ಮಾತ್ರ ಅಷ್ಟಾಗಿ ಸಲ್ಲದು. ಶಿವಕುಮಾರ ಸ್ವಾಮಿಗಳು 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದವರು. 2007ರಲ್ಲಿ ನೂರು ತುಂಬಿದಾಗ ‘ಕರ್ನಾಟಕ ರತ್ನ’ ಬಂತು. ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ಮಠಕ್ಕೆ ಬಂದರು. ಅಲ್ಲಿಯೂ ಸರೀಕರಿರಲಿಲ್ಲ, ನಿಜ. ಆದರೆ ಅಲ್ಲಿ ಸಾಕ್ಷಿಗಳು ವರ್ಷವರ್ಷವೂ ಹೊಸದಾಗಿ ಬರುತ್ತಿದ್ದರು: ಹಣೆಗೆ ವಿಭೂತಿ ಬಳಿದುಕೊಂಡು, ಸಾಲಾಗಿ ಕುಳಿತು ಪ್ರಸಾದಕ್ಕೆ ಕಾಯುವ ಸಾವಿರಾರು ಮಕ್ಕಳು. ಮುತ್ತಾತನ ಕಾಲದ ಮನುಷ್ಯ ಬೆಳಗಿನ ಪ್ರಾರ್ಥನೆಗೆ ಬಂದು ನಿಲ್ಲುವುದನ್ನು ಅವರು ಕಣ್ಣಾರೆ ಕಂಡರು, ಕೇಳಿದ ಕಥೆಯಲ್ಲ. 2019ರ ಜನವರಿ 21ರಂದು, ನೂರ ಹನ್ನೊಂದನೆಯ ವಯಸ್ಸಿನಲ್ಲಿ, ಸ್ವಾಮಿಗಳು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಹೊರಗೆ ಬಿಟ್ಟರೆಂದು ಅಂದಿನ ಪತ್ರಿಕೆಗಳಲ್ಲಿ ಬಂದಿತ್ತು. ಅನ್ನ ಮೊದಲು, ಆಮೇಲೆ ಅಳು.

ಚಿಕ್ಕಜ್ಜನವರ ಸಹಸ್ರಚಂದ್ರದರ್ಶನಕ್ಕೆ ನಾವೆಲ್ಲ ಮತ್ತೆ ಆ ಅಂಗಳದಲ್ಲಿ ನೆರೆದೆವು. ಈ ಸಲ ದಬ್ಬೆಯ ಚಪ್ಪರವಲ್ಲ, ಬಾಡಿಗೆಗೆ ತಂದ ಶಾಮಿಯಾನ. ಮಣೆಯಲ್ಲ, ಕುರ್ಚಿ, ಏಕೆಂದರೆ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಚಿಕ್ಕಜ್ಜಿ ಇರಲಿಲ್ಲ. ಬೆಳ್ಳಿಯ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ನಾಲ್ಕಾಣೆಯಷ್ಟು ಅಗಲದ ಬೆಳ್ಳಿಯ ಚಂದ್ರಬಿಂಬವನ್ನಿಟ್ಟು ಪೂಜೆ ಮಾಡಿದರು. ಅನಂತರ ಅವರ ಶಿಷ್ಯನೊಬ್ಬ, ತಾನೂ ನಿವೃತ್ತನಾಗಿದ್ದವನು, ಮೈಕು ಹಿಡಿದು, “ನಮ್ಮ ಮೇಷ್ಟ್ರು ಬಾಲ್ಯದಿಂದಲೂ ಒಂದೇ ಒಂದು ಲೆಕ್ಕವನ್ನು ತಪ್ಪಿದವರಲ್ಲ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಜ್ಜನವರು ಜಗಲಿಯ ಕಂಬದ ಕಡೆಗೆ ನೋಡಿದರು. ಮಂಡಿಯ ಯಜಮಾನರು ತೀರಿಕೊಂಡು ಆಗಲೇ ಆರು ವರ್ಷ. ಆ ಜಾಗದಲ್ಲಿ ಅಡಿಗೆಯವರು ನೀರಿನ ಡ್ರಮ್ಮು ಇಟ್ಟಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ಪುರೋಹಿತರನ್ನು ಬೆರಳು ಮಾಡಿ ಹತ್ತಿರ ಕರೆದರು.

“ಜೋಯಿಸರೇ, ಮೋಡ ಮುಚ್ಚಿದ ಹುಣ್ಣಿಮೆಗಳನ್ನೂ ಈ ಸಾವಿರದಲ್ಲಿ ಹಿಡಿದಿದ್ದೀರೋ?”

“ಹಿಡಿಯಲೇಬೇಕಲ್ಲ! ಹುಣ್ಣಿಮೆ ಆಗಿದ್ದಂತೂ ಆಗಿದೆ.”

“ಈ ಊರಿನಲ್ಲಿ ಜ್ಯೇಷ್ಠದಿಂದ ಭಾದ್ರಪದದವರೆಗೆ ಚಂದ್ರನ ಮುಖ ಯಾರು ಕಂಡಿದ್ದಾರೆ? ವರ್ಷಕ್ಕೆ ನಾಲ್ಕು. ಎಂಬತ್ತು ವರ್ಷಕ್ಕೆ ಮುನ್ನೂರ ಇಪ್ಪತ್ತು. ಅಷ್ಟು ನನಗೆ ಇನ್ನೂ ಬಾಕಿ ಬರಬೇಕಲ್ಲ?”

ಪುರೋಹಿತರು ನಕ್ಕು, ಶಾಸ್ತ್ರಕ್ಕೆ ಹಾಗೆಲ್ಲ ಇಲ್ಲವೆಂದರು.

“ಇಲ್ಲದಿದ್ದರೆ ದರ್ಶನ ಅಂತ ಯಾಕೆ ಹೆಸರಿಟ್ಟಿರಿ?” ಎಂದರು ಚಿಕ್ಕಜ್ಜನವರು. ಪುರೋಹಿತರು ಗಡಿಯಾರ ನೋಡಿಕೊಂಡು, ಮಂತ್ರಪುಷ್ಪಕ್ಕೆ ಹೊತ್ತಾಯಿತೆಂದು ಎಲ್ಲರಿಗೂ ಹೂವು ಹಂಚಲು ಹೇಳಿದರು.